ಮತ್ತಿಕೆರೆ ಜಯಮ್ಮನವರ ಅನುಮಾನಗಳು

ಫೋಟೋ ಬಂದರೆ ಜಯಮ್ಮನವರು ಮನುಷ್ಯರ ಮುಖ ನೋಡುತ್ತಿರಲಿಲ್ಲ. ಅವರ ಹಿಂದಿನ ಬಾಗಿಲು ನೋಡುತ್ತಿದ್ದರು.

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರ ವಾಟ್ಸಾಪ್ ಗುಂಪು ನಮ್ಮದು. ದಿನಕ್ಕೊಬ್ಬರಾದರೂ ಅಲ್ಲಿ ಜೋಡಿ ಫೋಟೋ ಹಾಕುತ್ತಿದ್ದರು. ಎಡಗಡೆ ಆಪರೇಷನ್‌ಗೆ ಮುಂಚಿನ ದೇಹ, ಬಲಗಡೆ ಆಮೇಲಿನದು. ಮಿಕ್ಕವರೆಲ್ಲ ಚಪ್ಪಾಳೆಯ ಕೈಗಳನ್ನೂ ಹೂವುಗಳನ್ನೂ ಸಾಲಾಗಿ ಕಳಿಸುತ್ತಿರುವಾಗ ನಡುವೆ ಜಯಮ್ಮನವರ ದನಿ ಬರುತ್ತಿತ್ತು. ಒಮ್ಮೆ ಹೆಂಗಸೊಬ್ಬರು ಹಸಿರು ಸೀರೆಯಲ್ಲಿ ನಡುವಿನ ಮೇಲೆ ಕೈಯಿಟ್ಟು ನಿಂತ ಚಿತ್ರ ಹಾಕಿದಾಗ ಅವರು ಹೇಳಿದ ಮಾತು ನನಗೆ ಇನ್ನೂ ನೆನಪಿದೆ.

"ಆಯಮ್ಮ ಸಣ್ಣಗಾಗವ್ಳೆ, ಒಪ್ಕೊಂಡೆ. ಇಂದ್ಗಡೆ ಬಾಗ್ಲು ಯಾಕವ್ವಾ ಸೊಂಟದತ್ರ ಡೊಂಕಾಗೈತೆ? ಬಾಗ್ಲೂ ಆಪರೇಷನ್ ಮಾಡುಸ್ಕೊಂಡೈತಾ?"

ನಾವೆಲ್ಲ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದೆವು. ಹೌದು. ಆಕೆಯ ನಡು ಇದ್ದ ಎತ್ತರದಲ್ಲಿಯೇ ಬಾಗಿಲ ಚೌಕಟ್ಟು ಒಳಕ್ಕೆ ಬಾಗಿತ್ತು. ಸೋದರಳಿಯ ತಮಾಷೆಗೆ ಮೊಬೈಲಿನಲ್ಲಿ ತಿದ್ದಿಬಿಟ್ಟ ಎಂದು ಆಕೆ ಸಮಜಾಯಿಷಿ ಬರೆದರು. "ಇರಬಹುದು ಬಿಡಿ, ಒಳ್ಳೆ ಸೋದರಳಿಯ" ಎಂದು ಜಯಮ್ಮನವರ ಇನ್ನೊಂದು ಮಾತು ಬಂತು.

ಅವರು ಟೈಪ್ ಮಾಡುತ್ತಿರಲಿಲ್ಲ. ಎಲ್ಲವೂ ದನಿಯೇ. ಆ ದನಿಯ ಹಿಂದೆ ಕುಕ್ಕರ್ ಕೂಗುತ್ತಿತ್ತು, ಟ್ಯಾಂಕು ತುಂಬಿ ನೀರು ಸುರಿಯುತ್ತಿತ್ತು, ಮಾತಿನ ನಡುವೆಯೇ ಅವರು ಯಾರನ್ನೋ "ಮೋಟ್ರು ಆಫ್ ಮಾಡೋ" ಎಂದು ಗದರುತ್ತಿದ್ದರು. ಹ-ಕಾರ ಅವರ ಬಾಯಿಗೆ ಬರುತ್ತಲೇ ಇರಲಿಲ್ಲ. ಹೊಟ್ಟೆ ಒಟ್ಟೆಯಾಗುತ್ತಿತ್ತು, ಹೇಳಿ ಎನ್ನುವುದು ಏಳಿ ಆಗುತ್ತಿತ್ತು. ಮತ್ತಿಕೆರೆ ಇನ್ನೂ ಹಳ್ಳಿಯಾಗಿದ್ದ ಕಾಲದ ಮನೆತನ ಅವರದು. ಮಾವ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರು ಮಹಡಿ ಎದ್ದು, ಕಾಲೇಜು ಹುಡುಗರು ರೂಮು ಹಿಡಿದಿದ್ದರು. ಬಾಡಿಗೆಯವರ ಮಾತನ್ನು ಯಾವತ್ತೂ ಪೂರ್ತಿ ನಂಬಬಾರದು ಎನ್ನುವುದು ಅವರು ಆ ಮನೆಯಲ್ಲಿ ಕಲಿತ ಪಾಠ. "ಒಳಗೆ ಇಬ್ರೇ ಇರದು ಅಂತಾರೆ. ಆಚೆ ಚಪ್ಪಲಿ ನೋಡಿದ್ರೆ ಮದ್ವೆ ಮನೆ ತರ ಇರ್ತೈತೆ" ಎನ್ನುತ್ತಿದ್ದರು.

ನಾನು ಆ ಗುಂಪಿಗೆ ಸೇರಿದ್ದು 2015ರಲ್ಲಿ. ಯಲಹಂಕದ ಒಂದು ಪಿಯು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರದ ಉಪನ್ಯಾಸಕ; ಮನೆ ಅಲ್ಲಾಳಸಂದ್ರದಲ್ಲಿ. ಎರಡನೇ ಮಹಡಿಯ ತರಗತಿಗೆ ಹತ್ತಿ ಹೋದರೆ ಹಾಜರಿ ಕರೆಯಲು ಉಸಿರಿರುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಬೇರೆ. ಮಲಗಿದರೆ ಗೊರಕೆ ನಡುವೆ ಉಸಿರೇ ನಿಂತುಹೋಗುತ್ತದೆ ಎಂದು ಹೆಂಡತಿ ವಾಣಿ ಹೆದರಿ ಎದ್ದು ಕೂರುತ್ತಿದ್ದಳು. ಕೊನೆಗೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿಕೊಂಡೆ. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತು ಮಾಡಿ, ಒಳಗಿನ ಜಠರದ ಬಹುಭಾಗವನ್ನು ಕತ್ತರಿಸಿ ತೆಗೆದು, ಬಾಳೆಹಣ್ಣಿನಷ್ಟು ಕೊಳವೆಯನ್ನು ಮಾತ್ರ ಉಳಿಸುತ್ತಾರೆ. ಮನೆಗೆ ಬಂದ ದಿನವೇ ಆಸ್ಪತ್ರೆಯ ಸಂಯೋಜಕ ಪ್ರವೀಣ್ ಎನ್ನುವವನು ನನ್ನನ್ನು 'ಹೊಸ ಜನ್ಮ' ಎಂಬ ಗುಂಪಿಗೆ ಸೇರಿಸಿದ.

ಗುಂಪಿನಿಂದ ಉಪಕಾರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೀರನ್ನು ಗಟಗಟನೆ ಕುಡಿಯದೆ ನಾಲಗೆಯ ಮೇಲೆ ಹೇಗೆ ಇಳಿಸಿಕೊಳ್ಳಬೇಕು, ಬೇಳೆಕಟ್ಟು ಎಷ್ಟು ತೆಳ್ಳಗಿರಬೇಕು, ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತಾಗ ಏನು ನೆಪ ಹೇಳಬೇಕು ಎನ್ನುವುದನ್ನೆಲ್ಲ ನನಗೆ ಕಲಿಸಿದವರು ಅಲ್ಲಿಯ ಮುಖ ನೋಡದ ಜನ. ಆದರೂ ಆ ಗುಂಪಿನಲ್ಲಿ ಏನೋ ಒಂದು ಸರಿಯಿರಲಿಲ್ಲ. ಅಲ್ಲಿ ಯಾರಿಗೂ ಏನೂ ತೊಂದರೆಯಾಗುತ್ತಿರಲಿಲ್ಲ. ಯಾರಾದರೂ "ಸರ್, ತುಂಬಾ ಹೊಟ್ಟೆನೋವು" ಎಂದು ಬರೆದರೆ ಪ್ರವೀಣ್ ತಕ್ಷಣ "ಪರ್ಸನಲ್ ಆಗಿ ಮಾತಾಡೋಣ" ಎನ್ನುತ್ತಿದ್ದ. ಒಂದೆರಡು ದಿನದಲ್ಲಿ ಆ ಹೆಸರು ಗುಂಪಿನಲ್ಲಿ ಇರುತ್ತಿರಲಿಲ್ಲ. ಮಾರನೇ ಬೆಳಿಗ್ಗೆ ಮತ್ತೆ ಜೋಡಿ ಫೋಟೋ, ಮತ್ತೆ ಹೂವು. ನಾವು ಗಮನಿಸುತ್ತಲೂ ಇರಲಿಲ್ಲ. ಗಮನಿಸುತ್ತಿದ್ದವರು ಜಯಮ್ಮನವರೊಬ್ಬರೇ.

"ತುಮಕೂರಿನ ರೇಖಾ ಅಂತ ಒಂದು ಉಡುಗಿ ಇತ್ತಲ್ಲ, ಎಲ್ಲಪ್ಪಾ ಪ್ರವೀಣ?" ಎಂದು ಒಂದು ಸಂಜೆ ಕೇಳಿದರು.

"ಅವ್ರೇ ಲೆಫ್ಟ್ ಆದ್ರು ಆಂಟಿ" ಎಂದು ಪ್ರವೀಣ್ ಬರೆದ.

"ಅದೇ ಬಿಟ್ಟೋಗಿದ್ರೆ ಬಿಟ್ಟೋದ್ರು ಅಂತ ಬರ್ತೈತೆ. ತೆಗೆದ್ರು ಅಂತ ಬಂದೈತೆ. ನನ್ನ ಮೊಮ್ಮಗಳ ಕೈಲಿ ಓದುಸ್ದೆ."

ಪ್ರವೀಣ್ ಮರುಗಳಿಗೆಯೇ ಹೊಸದೊಂದು ಜೋಡಿ ಫೋಟೋ ಹಾಕಿದ. ಜಯಮ್ಮನವರನ್ನು ಮಾತ್ರ ತೆಗೆಯಲಿಲ್ಲ. ಅದು ನನಗೆ ವಿಚಿತ್ರವೆನಿಸಿತ್ತು. ಇಷ್ಟು ಮಾತಾಡಿದರೂ ಇವರನ್ನು ಯಾಕೆ ಇಟ್ಟುಕೊಂಡಿದ್ದಾರೆ? ಇವರದೊಂದು ಫೋಟೋವನ್ನೂ ಯಾಕೆ ಯಾರೂ ಕೇಳುವುದಿಲ್ಲ? ಆಪರೇಷನ್ ಆಗಿ ಮೂರು ವರ್ಷವಾಯಿತು ಎನ್ನುತ್ತಾರೆ, ಎಷ್ಟು ಇಳಿದರು ಎಂದು ಒಮ್ಮೆಯೂ ಹೇಳಿಲ್ಲ. ಅನುಮಾನದ ಗುಣವೇ ಹಾಗೆ. ಅವರ ಮಾತು ಕೇಳಿ ಕೇಳಿ ನನಗೂ ಅಂಟಿತ್ತು. ಮೊದಲು ತಿರುಗಿದ್ದು ಅವರ ಕಡೆಗೇ.

ಎರಡನೇ ತಿಂಗಳಲ್ಲಿ ನನಗೆ ವಾಂತಿ ಶುರುವಾಯಿತು. ಮೊದಲು ಇಡ್ಲಿ ನಿಲ್ಲಲಿಲ್ಲ, ಆಮೇಲೆ ಗಂಜಿ ನಿಲ್ಲಲಿಲ್ಲ, ಕೊನೆಗೆ ನೀರೂ ಕಷ್ಟವಾಯಿತು. ಕೊಟ್ಟಿದ್ದ ಮಾತ್ರೆಗಳು ನುಂಗಿದ ಹಾಗೆಯೇ ಹೊರಗೆ ಬರುತ್ತಿದ್ದವು, ಬಿಟ್ಟುಬಿಟ್ಟೆ. ಪ್ರವೀಣ್‌ಗೆ ಫೋನು ಮಾಡಿದರೆ "ಬೇಗ ಬೇಗ ತಿಂತಿದೀರ ಅನ್ಸುತ್ತೆ ಸರ್, ನಿಧಾನ ಮಾಡಿ" ಎಂದ. ಆದರೆ ತೂಕ ಮಾತ್ರ ಬಿರುಸಾಗಿ ಇಳಿಯುತ್ತಿತ್ತು. ಅದನ್ನು ಗುಂಪಿನಲ್ಲಿ ಹೇಳಿದಾಗ ಬಂದಷ್ಟು ಚಪ್ಪಾಳೆ ನನ್ನ ಇಡೀ ಜೀವನದಲ್ಲಿ ಬಂದಿರಲಿಲ್ಲ. ಹೀಗಿರುವಾಗ ವಾಂತಿಯ ಸುದ್ದಿ ಯಾರು ಬರೆಯುತ್ತಾರೆ? ಯಾರೋ ಹೊಸಬರು ನನ್ನ ಅನುಭವ ಕೇಳಿದರೆಂದು, ಎಲ್ಲ ಆರಾಮಾಗಿದೆ, ಧೈರ್ಯವಾಗಿ ಮಾಡಿಸಿಕೊಳ್ಳಿ ಎಂದು ದನಿಯಲ್ಲೇ ಹೇಳಿ ಕಳಿಸಿದೆ.

ಸ್ವಲ್ಪ ಹೊತ್ತಿಗೆ ಫೋನು ಬಂತು.

"ಮೇಷ್ಟ್ರೇ, ನಾನು ಮತ್ತಿಕೆರೆ ಜಯಮ್ಮ. ನೀವು ಸುಳ್ಳು ಏಳ್ತಾ ಇದೀರ."

"ಯಾಕಮ್ಮಾ?"

"ಅಷ್ಟು ಮಾತಾಡೋದ್ರೊಳಗೆ ಎಷ್ಟು ಸಲ ಎಂಜಲು ನುಂಗಿದ್ರಿ! ಆರಾಮಾಗಿರೋರು ಅಂಗೆ ನುಂಗಲ್ಲ. ವಾಂತಿ ತಡ್ಕೊಳ್ಳೋರು ಅಂಗೆ ನುಂಗ್ತಾರೆ."

ನಾನು ಹೌದೆನ್ನಲಿಲ್ಲ. ಅವರು ಬಿಡಲೂ ಇಲ್ಲ. ಮಾರನೇ ದಿನ, ಅದರ ಮಾರನೇ ದಿನ ಫೋನು. ಕಾಲು ಜುಮ್ಮೆನ್ನುತ್ತದಾ, ತಲೆ ತಿರುಗುತ್ತದಾ, ನಡೆಯುವಾಗ ಗೋಡೆ ಹಿಡಿಯುತ್ತೀರಾ ಎಂದು ಪ್ರಶ್ನೆಗಳು. ಆ ಆಸ್ಪತ್ರೆ ಬಿಟ್ಟು ಯಶವಂತಪುರದ ಕಡೆ ಇನ್ನೊಬ್ಬ ಡಾಕ್ಟರಿದ್ದಾರೆ, ಅವರಿಗೆ ತೋರಿಸಿ ಎಂಬ ಒತ್ತಾಯ.

"ಯಾರ್ರೀ ಅದು, ದಿನಾ ಫೋನ್ ಮಾಡೋ ಹೆಂಗಸು?" ಎಂದು ವಾಣಿ ಕೇಳಿದಳು. ಹೇಳಿದೆ.

"ಬೇರೆ ಆಸ್ಪತ್ರೆಗೆ ಹೋಗಿ ಅಂತಾರಾ? ಅಲ್ಲಿಯ ಏಜೆಂಟ್ ಇರ್ಬೇಕು. ನಂಬರ್ ಬ್ಲಾಕ್ ಮಾಡಿ ಸುಮ್ನೆ."

ನನಗೂ ಹಾಗೆಯೇ ಅನ್ನಿಸಿತ್ತು. ಬ್ಲಾಕ್ ಮಾಡಿದೆ.

ಎರಡು ದಿನ ಬಿಟ್ಟು, ಭಾನುವಾರ ಬೆಳಿಗ್ಗೆ, ನಮ್ಮ ಗೇಟಿನ ಮುಂದೆ ಆಟೋ ನಿಂತಿತು. ಅದರಿಂದ ಇಳಿದ ಹೆಂಗಸು ಗೇಟಿನ ಕಂಬಿ ಹಿಡಿದು ಬಹಳ ಹೊತ್ತು ಉಸಿರು ಸುಧಾರಿಸಿಕೊಂಡರು. ಕಾಫಿ ಬಣ್ಣದ ಸೀರೆ, ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಬರೀ ಒಂದು ಚಿನ್ನದ ಸರ. ನಾನು ಆಪರೇಷನ್‌ಗೆ ಮುಂಚೆ ಎಷ್ಟು ದಪ್ಪ ಇದ್ದೆನೋ ಅಷ್ಟೇ ದಪ್ಪ. ಬಾಯಿ ತೆರೆದ ಮೇಲಷ್ಟೇ ಗೊತ್ತಾಯಿತು ಯಾರೆಂದು.

"ಫೋನ್ ಎತ್ಲಿಲ್ವಲ್ಲ, ಅದಕ್ಕೇ ಬಂದೆ. ಗುಂಪಿಗೆ ಸೇರಿದ ದಿನ ಅಲ್ಲಾಳಸಂದ್ರ ಅಂದಿದ್ರಲ್ಲ, ಕಾಲೇಜು ಮೇಷ್ಟ್ರು ಮನೆ ಅಂತ ಕೇಳ್ಕೊಂಡು ಬಂದೆ. ಯಾಕೆ ಅಂಗೆ ನೋಡ್ತೀರ? ದಪ್ಪ ಇದೀನಿ ಅಂತಾನಾ?"

ವಾಣಿ ನನ್ನ ಕಡೆ ನೋಡಿದಳು. ನಾನು ಹೇಳಿದ್ದೆನಲ್ಲ, ಎನ್ನುವ ನೋಟ. ಇವರಿಗೆ ಆಪರೇಷನ್ನೇ ಆಗಿಲ್ಲ, ಯಾರೋ ಕಳಿಸಿದ ಜನ ಇವರು ಎಂದು ನಮ್ಮಿಬ್ಬರಿಗೂ ಆ ಕ್ಷಣದಲ್ಲಿ ಖಾತ್ರಿಯಾಗಿತ್ತು.

ಜಯಮ್ಮನವರು ಸೋಫಾದಲ್ಲಿ ಕೂತರು. ನೀರೂ ಕೇಳಲಿಲ್ಲ. "ಮೇಷ್ಟ್ರೇ, ಎದ್ದು ಆ ಕಿಟಕಿ ತನಕ ನಡೀರಿ, ನೋಡಾಣ" ಎಂದರು. ಅವರನ್ನು ಬೇಗ ಸಾಗಹಾಕುವ ಆಸೆಯಿಂದ ಎದ್ದೆ. ನೆಲ ಎಲ್ಲಿದೆಯೋ ಅಲ್ಲಿ ಕಾಲು ಬೀಳಲಿಲ್ಲ. ಟೀಪಾಯಿ ಹಿಡಿದು ನಿಂತೆ.

"ಈಗ ನನ್ನನ್ನ ನೋಡಿ. ನಾನು ಒಬ್ಳೇ ಕಾಣ್ತಿದೀನಾ, ಇಬ್ರು ಕಾಣ್ತಿದೀವಾ?"

ಆ ಪ್ರಶ್ನೆಗೆ ವಾಣಿಗೆ ನಗು ಬಂತು. ನನಗೆ ಬರಲಿಲ್ಲ. ಸೋಫಾದಲ್ಲಿ ಕಾಫಿ ಬಣ್ಣದ ಸೀರೆಯ ಇಬ್ಬರು ಒತ್ತಾಗಿ ಕೂತಿದ್ದರು. ಕನ್ನಡಕ ಬದಲಿಸಬೇಕು ಎಂದು ನಾನು ಮೂರ್ನಾಲ್ಕು ದಿನದಿಂದ ಅಂದುಕೊಳ್ಳುತ್ತಿದ್ದೆ.

"ಇಬ್ಬರು" ಎಂದೆ.

ಜಯಮ್ಮನವರ ಮುಖದಲ್ಲಿ ಗೆದ್ದ ಗುರುತೇನೂ ಇರಲಿಲ್ಲ. ವಾಣಿಯ ಕೈ ಹಿಡಿದುಕೊಂಡು, "ಅವ್ವಾ, ಆಟೋ ನಿಲ್ಸಿದೀನಿ. ಎಷ್ಟು ಬೇಗ ಆಗ್ತೈತೋ ಅಷ್ಟು ಬೇಗ ಕರ್ಕೊಂಡು ಓಗಾಣ. ತುಮಕೂರು ಉಡುಗೀಗೂ ಇಂಗೇ ಆಗಿದ್ದು. ಅದು ಈಗ ಕೋಲು ಇಡ್ಕೊಂಡು ಓಡಾಡ್ತೈತೆ. ನಾನೇ ಓಗಿ ನೋಡ್ಕೊಂಡು ಬಂದಿದೀನಿ" ಎಂದರು.

ಗುಂಪಿನಿಂದ ಮಾಯವಾದವರಿಗೆಲ್ಲ ಅವರು ಫೋನು ಮಾಡುತ್ತಿದ್ದರು, ಹೋಗಿಯೂ ನೋಡುತ್ತಿದ್ದರು ಎನ್ನುವುದು ನನಗೆ ಅವತ್ತು ಆಟೋದಲ್ಲಿ ತಿಳಿಯಿತು.

ಯಶವಂತಪುರದ ಡಾಕ್ಟರು ನನ್ನ ಕಣ್ಣಿನ ಮುಂದೆ ಬೆರಳು ಆಡಿಸಿದರು, ಎಷ್ಟು ದಿನದಿಂದ ವಾಂತಿ ಎಂದು ಕೇಳಿದರು, ತಕ್ಷಣ ರಕ್ತನಾಳಕ್ಕೆ ಔಷಧಿ ಹಾಕಿಸಿದರು. ವಾಂತಿಯಲ್ಲಿ ದೇಹದ ಒಂದು ವಿಟಮಿನ್ ಪೂರ್ತಿ ಬರಿದಾಗಿತ್ತು. ಅದಿಲ್ಲದೆ ಮೆದುಳಿಗೆ ಪೆಟ್ಟು ಬೀಳಲು ಶುರುವಾಗಿತ್ತು. ಹೊಟ್ಟೆಯ ಕೊಳವೆ ಒಂದು ಕಡೆ ಬಿಗಿದುಕೊಂಡಿದ್ದರಿಂದ ವಾಂತಿ. ಅದನ್ನೂ ಆಮೇಲೆ ಸರಿಮಾಡಿದರು. ಕಣ್ಣು ಒಂದು ವಾರದಲ್ಲಿ ನೆಟ್ಟಗಾಯಿತು. ನಡಿಗೆ ಸರಿಯಾಗಲು ತಿಂಗಳುಗಟ್ಟಲೆ ಹಿಡಿಯಿತು. ಎಡಗಾಲಿನ ಬೆರಳುಗಳಿಗೆ ಇವತ್ತಿಗೂ ಚಪ್ಪಲಿ ಇದೆಯೋ ಇಲ್ಲವೋ ತಿಳಿಯುವುದಿಲ್ಲ.

ಮನೆಗೆ ಬಂದವನೇ ನಡೆದದ್ದನ್ನೆಲ್ಲ 'ಹೊಸ ಜನ್ಮ'ದಲ್ಲಿ ಬರೆದೆ. ಸಂಜೆಯೊಳಗೆ ನನ್ನನ್ನು ತೆಗೆದರು. ಅವತ್ತೇ ಜಯಮ್ಮನವರು ತಾವಾಗಿ ಹೊರಗೆ ಬಂದು, ಮೊಮ್ಮಗಳ ಕೈಯಲ್ಲಿ ಹೊಸ ಗುಂಪು ಮಾಡಿಸಿದರು. ಹೆಸರು ಅವರದೇ: 'ತೆಗೆದಾಕಿದೋರು.' ಹದಿನೈದಿಪ್ಪತ್ತು ಜನ ಸೇರಿಕೊಂಡೆವು. ಅಲ್ಲಿ ಫೋಟೋಗಳಿರಲಿಲ್ಲ. ಕೂದಲು ಮುಷ್ಟಿಗಟ್ಟಲೆ ಉದುರಿದ್ದು, ಒಳಗಿನ ಹೊಲಿಗೆ ಸೋರಿ ಮತ್ತೆ ಹೊಟ್ಟೆ ತೆರೆದದ್ದು, ಜೋತ ಚರ್ಮದಿಂದ ಗಂಡನ ಮುಂದೆ ನಾಚಿಕೆಯಾಗುವುದು, ಸಣ್ಣಗಾದ ಮೇಲೆ ಮನಸ್ಸೇ ಕುಸಿದದ್ದು, ಹೀಗೆ ಬೇರೆಲ್ಲೂ ಹೇಳಲಾಗದ್ದನ್ನು ಅಲ್ಲಿ ಹೇಳಿಕೊಳ್ಳುತ್ತಿದ್ದೆವು. ರೇಖಾ ಕೂಡ ಇದ್ದಳು. ಅವಳು ಕೋಲಿಲ್ಲದೆ ಅಂಗಡಿಯವರೆಗೆ ಹೋಗಿಬಂದ ದಿನ ಜಯಮ್ಮನವರು "ನಂಬಲ್ಲ, ವೀಡಿಯೋ ಕಳ್ಸು" ಎಂದರು. ಕಳಿಸಿದಳು. ಅದನ್ನು ನೋಡಿ ಅವರು ಮೂಗು ಸೀಟಿದ ಸದ್ದು ಮಾತ್ರ ಕಳಿಸಿದರು.

ಹೊಸಬರು ಸೇರಬೇಕೆಂದರೆ ಅವರ ಪರೀಕ್ಷೆ ಪಾಸಾಗಬೇಕಿತ್ತು. ಫೋನು ಮಾಡಿ, "ಆಪರೇಷನ್ ಆದ್ಮೇಲೆ ಮೊದಲ್ನೇ ಸಲ ನೀರು ಯಾವುದರಾಗೆ ಕೊಟ್ರು?" ಎಂದು ಕೇಳುವರು. ಒಬ್ಬ "ಲೋಟದಲ್ಲಿ" ಎಂದ. "ಲೋಟದಾಗೆ ಕುಡಿದಿದ್ರೆ ನೀನು ಮಾತಾಡಾಕೆ ಇರ್ತಿರ್ಲಿಲ್ಲಪ್ಪಾ. ಬಾಟ್ಲಿ ಮುಚ್ಚಳದಾಗೆ ಕೊಡ್ತಾರೆ" ಎಂದು ಫೋನಿಟ್ಟರು. ಅವನು ಪ್ರೋಟೀನ್ ಪುಡಿ ಮಾರುವವನು ಎನ್ನುವುದು ಆಮೇಲೆ ಗೊತ್ತಾಯಿತು. ಆ ಸಲ ಎಲ್ಲರೂ ನಕ್ಕೆವು. ಆದರೆ ಅವರ ಕಣ್ಣಿಗೆ ಬರಬರುತ್ತ ಎಲ್ಲರೂ ಪುಡಿ ಮಾರುವವರೇ ಆದರು. ಯಾರೋ ಎರಡು ದಿನ ಮಾತಾಡದಿದ್ದರೆ ಆಸ್ಪತ್ರೆಯವರ ಜೊತೆ ಸೇರಿಕೊಂಡರು ಎನ್ನುವರು. ಯಾರಿಗಾದರೂ ತೊಂದರೆಯೇ ಇಲ್ಲದಿದ್ದರೆ ಅದಕ್ಕೂ ಅನುಮಾನ. ಕೊನೆಗೆ ಹೊಟ್ಟೆಯ ಮೇಲಿನ ಗುರುತಿನ ಫೋಟೋ ಕಳಿಸಿ ಎಂದು ಹೆಂಗಸರನ್ನು ಕೇಳತೊಡಗಿದರು.

ನಾನು ಬಾಯಿ ತೆರೆಯಲಿಲ್ಲ. ನನ್ನನ್ನು ಉಳಿಸಿದವರು ಅವರು. ಆದರೂ ಭಾನುವಾರ ಬೆಳಿಗ್ಗೆ ನನ್ನ ಗೇಟು ಹಿಡಿದು ಏದುಸಿರು ಬಿಡುತ್ತಿದ್ದ ಆ ದೇಹ ನನ್ನ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ. ಇವರಿಗೆ ನಿಜವಾಗಿ ಆಪರೇಷನ್ ಆಗಿದೆಯೇ? ಆಗಿಲ್ಲದಿದ್ದರೆ ನಮ್ಮ ನಡುವೆ ಯಾಕಿದ್ದಾರೆ?

ಆ ಪ್ರಶ್ನೆಯನ್ನು ಕೇಳಿದವಳು ಆರ್.ಟಿ. ನಗರದ ಶಬಾನಾ. ತಮ್ಮನಿಗೆ ರೂಮು ನೋಡಲು ಮತ್ತಿಕೆರೆಗೆ ಹೋದವಳು ಅಲ್ಲಿ ಜಯಮ್ಮನವರನ್ನು ದನಿಯಿಂದಲೇ ಗುರುತು ಹಿಡಿದಿದ್ದಳು. ಮಾತಾಡಿಸದೆ ಹಿಂದಿರುಗಿ, ಗುಂಪಿನಲ್ಲಿ ಎಲ್ಲರ ಮುಂದೆ ಕೇಳಿದಳು:

"ಆಂಟಿ, ಬೇಜಾರ್ ಮಾಡ್ಕೋಬೇಡಿ. ನಿಮ್ನ ನೋಡ್ದೆ ನಾನು. ಎಲ್ಲಾರ್ದೂ ಹೊಟ್ಟೆ ತೋರ್ಸಿ ಅಂತೀರಲ್ಲ, ನಿಮ್ದೂ ಒಂದ್ಸಲ ತೋರ್ಸಿ. ನಮ್ಗೂ ಗೊತ್ತಾಗ್ಬೇಕು ಅಲ್ವಾ?"

ಇನ್ನಿಬ್ಬರು ಅದಕ್ಕೆ ದನಿಗೂಡಿಸಿದರು. ಮತ್ತೊಬ್ಬರು, ಇಷ್ಟು ದಿನ ನಮಗೆ ಬುದ್ಧಿ ಹೇಳಿದವರು ಇವರೇನಾ ಎಂದು ಕೇಳಿದರು. ಒಂದು ವಾರ ಕಳೆದರೂ ಗುಂಪಿನಲ್ಲಿ ಜಯಮ್ಮನವರ ದನಿಯಿಲ್ಲ. ನನ್ನ ಫೋನನ್ನೂ ಅವರು ಎತ್ತಲಿಲ್ಲ. ಬಸ್ಸು ಹತ್ತಿ ಮತ್ತಿಕೆರೆಗೆ ಹೋದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ನೆಲಮಹಡಿಯ ಕೋಣೆಯಲ್ಲಿ ಅವರು ಮಂಚದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಒಳಗಿನಿಂದ ಅವರ ಓರಗಿತ್ತಿ ಬಂದು ನನಗೆ ಕಾಫಿ ಕೊಟ್ಟು, ಅವರಿಗೊಂದು ದೊಡ್ಡ ಲೋಟದಲ್ಲಿ ಹಾರ್ಲಿಕ್ಸ್ ಕೊಟ್ಟು, "ಕುಡಿಯವ್ವ, ಸೊರಗಿದ್ದೀಯ" ಎಂದು ಹೋದರು. ಓರಗಿತ್ತಿ ಮರೆಯಾದ ಮೇಲೆ ಜಯಮ್ಮನವರು ದನಿ ತಗ್ಗಿಸಿದರು.

"ಇವ್ರಿಗೆ ಗೊತ್ತಿಲ್ಲ ಮೇಷ್ಟ್ರೇ. ಮಕ್ಳಿಗೂ ಗೊತ್ತಿಲ್ಲ. ಅರ್ನಿಯಾ ಆಪರೇಷನ್ ಅಂತ ಏಳಿದೀನಿ. ಗುಂಪು ಮಾಡ್ಕೊಟ್ಟ ಮೊಮ್ಮಗಳೂ ಅದು ಅರ್ನಿಯಾದೋರ ಗುಂಪು ಅಂತ್ಲೇ ಅನ್ಕೊಂಡವ್ಳೆ. ನಮ್ ಯಜಮಾನ್ರಿಗೆ ಒಬ್ರಿಗೇ ಗೊತ್ತಿದ್ದಿದ್ದು, ಅವ್ರು ಮಾರನೇ ವರ್ಷವೇ ತೀರ್ಕೊಂಡ್ರು. ಬಾಯಿ ಕಟ್ಟೋಕಾಗ್ದೆ ಒಟ್ಟೆ ಕುಯ್ಸ್ಕೊಂಡ್ಳು ಅಂತ ಊರೆಲ್ಲ ಆಡ್ಕೊಳ್ಳಲ್ವಾ?"

ಮೊದಲ ವರ್ಷ ಅವರು ಚೆನ್ನಾಗಿ ಇಳಿದಿದ್ದರಂತೆ. ಮೊಮ್ಮಗಳ ಜೊತೆ ಕೆರೆಯ ಸುತ್ತ ನಡೆಯುವಷ್ಟು. ಆದರೆ ಮನೆಯವರಿಗೆ ಕಂಡದ್ದು ಏನೋ ರೋಗ. ಬಡವಾಗುತ್ತಿದ್ದಾಳೆ ಎಂದು ಓರಗಿತ್ತಿ ದೇವಸ್ಥಾನಗಳಿಗೆ ಕರೆದುಕೊಂಡು ಹೋದರು, ಪಕ್ಕದಲ್ಲೇ ಕೂತು ಉಣ್ಣಿಸಿದರು. ಮುದ್ದೆ ಇಳಿಯುತ್ತಿರಲಿಲ್ಲ. ಸಿಹಿ ಹಾಲು, ಹಾರ್ಲಿಕ್ಸ್, ಪಾಯಸ ಸಲೀಸಾಗಿ ಇಳಿಯುತ್ತಿತ್ತು. ನಿಜ ಹೇಳಿ ಲೋಟ ಹಿಂದಕ್ಕೆ ಕೊಡುವಂತಿರಲಿಲ್ಲ. ಒಂದೊಂದೇ ಕೆಜಿ ವಾಪಸು ಬಂತು.

"ಶಬಾನಾಗೆ ಗುರುತು ತೋರ್ಸಿಬಿಡಿ, ಮುಗೀತು" ಎಂದೆ.

"ಗುರುತು ಐತೆ. ಇದ್ರೆ ಏನ್ ಬಂತು? ತೂತು ಯಾರು ಬೇಕಾದ್ರೂ ಆಕ್ತಾರೆ." ಅವರು ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದರು. "ನಿಮ್ಗೊಬ್ರಿಗೆ ಏಳ್ತೀನಿ. ಅವ್ರು ನಂಗೆ ಆಪರೇಷನ್ನೇ ಮಾಡಿಲ್ಲ ಮೇಷ್ಟ್ರೇ. ತೂತು ಆಕಿ, ಒಲಿಗೆ ಆಕಿ, ಕಳ್ಸವ್ರೆ. ಮಾಡಿದ್ರೆ ತೂಕ ಎಂಗೆ ವಾಪಸ್ ಬರ್ತೈತೆ? ಅದಕ್ಕೇ ಪ್ರವೀಣ ನನ್ನ ತೆಗೀತಿರ್ಲಿಲ್ಲ, ಬಾಯಿ ಬಿಟ್ಟಾಳು ಅಂತ. ನಾನು ಆ ಗುಂಪಿನಾಗೆ ಇದ್ದಿದ್ದೇ ಅದಕ್ಕೆ. ಇನ್ನೂ ಯಾರ್ ಯಾರಿಗೆ ಇಂಗೆ ಮಾಡವ್ರೆ ಅಂತ ನೋಡಾಕೆ."

ಅಷ್ಟು ವರ್ಷ ಅವರು ಬಾಗಿಲ ಚೌಕಟ್ಟು ನೋಡಿದ್ದು, ಮಾಯವಾದವರನ್ನು ಹುಡುಕಿಕೊಂಡು ಹೋದದ್ದು, ನೀರಿನ ಪ್ರಶ್ನೆ ಕೇಳಿದ್ದು ಎಲ್ಲದರ ಬೇರು ಇಲ್ಲಿತ್ತು. ನಾನು ಲೆಕ್ಕದ ಮನುಷ್ಯ. ಅನುಮಾನವಿದ್ದರೆ ಪರೀಕ್ಷಿಸಿ ನೋಡಬಹುದಲ್ಲ ಎನ್ನಿಸಿತು. ಒಳಗೆ ಕ್ಯಾಮರಾ ಇಳಿಸಿ ನೋಡಿದರೆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ, ನನಗೆ ಹಾಗೆಯೇ ನೋಡಿದ್ದರು ಎಂದೆ. ಅವರು ಮೊರವನ್ನು ಮತ್ತೆ ಹತ್ತಿರಕ್ಕೆಳೆದು, ಬಿಡಿಸಿದ ಕಾಳನ್ನೇ ಕೆದಕಿದರು. ಎಷ್ಟು ಬಲವಾಗಿ ನಂಬಿದ್ದರೋ ಅಷ್ಟೇ ಹೆದರಿದ್ದರು ಎಂದು ಈಗ ತೋರುತ್ತದೆ.

"ಜೊತೇಲಿ ಯಾರಾದ್ರೂ ಬೇಕಾಗ್ತೈತೆ. ಮಕ್ಳನ್ನ ಕರ್ಯಂಗಿಲ್ಲ."

"ನಾನು ಬರ್ತೀನಿ."

2018ರ ಒಂದು ಬೆಳಿಗ್ಗೆ ಹೋದೆವು. ಅದೇ ಯಶವಂತಪುರದ ಡಾಕ್ಟರು. ನರ್ಸು ಸಂಬಂಧ ಏನು ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಜಯಮ್ಮನವರು "ತಮ್ಮ" ಎಂದರು. ನನ್ನ ಕೈಗೆ ಕೊರಳಿನ ಸರ ಬಿಚ್ಚಿಕೊಟ್ಟು ಒಳಗೆ ಹೋದರು.

ಮುಗಿದ ಮೇಲೆ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಪರದೆಯ ಮೇಲೆ ಚಿತ್ರ ತೋರಿಸಿದರು. ನನ್ನ ಹೊಟ್ಟೆಯ ಚಿತ್ರವನ್ನು ನಾನು ನೋಡಿದ್ದೆ. ಇದೂ ಹಾಗೆಯೇ ಇತ್ತು. ಉದ್ದನೆಯ ಕೊಳವೆ, ಅದರ ಪಕ್ಕದುದ್ದಕ್ಕೂ ಹೊಲಿಗೆಯ ಗೆರೆ.

"ಆಪರೇಷನ್ ಆಗಿದೆ ಅಮ್ಮ. ಚೆನ್ನಾಗೇ ಮಾಡಿದ್ದಾರೆ. ಸ್ವಲ್ಪ ಹಿಗ್ಗಿದೆ ಅಷ್ಟೆ, ವರ್ಷ ಕಳೆದ ಹಾಗೆ ಹಿಗ್ಗುತ್ತೆ."

ಜಯಮ್ಮನವರು ಪರದೆಯನ್ನೇ ನೋಡುತ್ತಿದ್ದರು. "ಸರಿಯಾಗಿ ನೋಡಿದ್ರಾ ಡಾಕ್ಟ್ರೇ?"

"ನೋಡಿದೆ."

"ಅಂಗಾದ್ರೆ..." ಎಂದು ನಿಲ್ಲಿಸಿದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಅಂಗಾದ್ರೆ ತಪ್ಪು ನಂದೇನಾ?"

ಡಾಕ್ಟರು ಒಳ್ಳೆಯವರು. ತಪ್ಪಿನ ಮಾತೇ ಅಲ್ಲ, ಎಷ್ಟೋ ಜನಕ್ಕೆ ತೂಕ ಮರಳುತ್ತದೆ, ದೇಹವೇ ಹಾಗೆ ಹಟ ಹಿಡಿಯುತ್ತದೆ, ಊಟದ ವಿಷಯ ಮನೆಯವರಿಗೆ ಹೇಳಿ, ಮುಂದೆ ಮಾಡಬಹುದಾದ್ದೂ ಇದೆ ಎಂದು ನಿಧಾನವಾಗಿ ವಿವರಿಸಿದರು. ಅವರು ತಲೆಯಾಡಿಸಿದರು. ಒಂದು ಮಾತೂ ಕಿವಿಗೆ ಬಿದ್ದಿರಲಿಲ್ಲ.

ಆಟೋದಲ್ಲಿ ಅವರು ಇದ್ದಕ್ಕಿದ್ದಂತೆ ಮುದುಕಿಯಾದ ಹಾಗೆ ಕಂಡರು. ಸರ ವಾಪಸು ಕೊಟ್ಟೆ. ಹಾಕಿಕೊಳ್ಳದೆ ಮುಷ್ಟಿಯಲ್ಲಿ ಹಿಡಿದು ಕೂತರು. ಸದಾ ಡ್ರೈವರಿಗೆ ದಾರಿ ಹೇಳುತ್ತಿದ್ದವರು ಅವನು ಸುತ್ತಿಬಳಸಿ ಹೋಗುತ್ತಿದ್ದರೂ ಕೇಳಲಿಲ್ಲ. ಯಶವಂತಪುರದ ಮಾರುಕಟ್ಟೆಯ ಲಾರಿಗಳ ನಡುವೆ ಆಟೋ ಸಿಕ್ಕಿಕೊಂಡು ನಿಂತಿತು. ಈರುಳ್ಳಿ ಮೂಟೆಗಳನ್ನು ಇಳಿಸುತ್ತಿದ್ದರು.

"ಮೇಷ್ಟ್ರೇ."

"ಹೇಳಿ."

"ಈ ಡಾಕ್ಟ್ರಿಗೂ ಆ ಆಸ್ಪತ್ರೆ ಡಾಕ್ಟ್ರಿಗೂ ಪರಿಚಯ ಇರ್ತೈತೆ, ಅಲ್ವಾ? ಒಂದೇ ಕಸುಬಿನೋರು. ಒಬ್ರನ್ನೊಬ್ರು ಬಿಟ್ಕೊಡ್ತಾರಾ?"

ನನ್ನನ್ನು ಈ ಡಾಕ್ಟರ ಹತ್ತಿರ ಎಳೆದುಕೊಂಡು ಬಂದವರು ಅವರೇ. ಪರದೆಯ ಮೇಲಿನ ಹೊಲಿಗೆಯ ಗೆರೆಯನ್ನು ನಾನು ನನ್ನ ಕಣ್ಣಿಂದ ನೋಡಿದ್ದೆ. ತರಗತಿಯಲ್ಲಾಗಿದ್ದರೆ, ಕಂಡದ್ದನ್ನು ಒಪ್ಪಿಕೊಳ್ಳಬೇಕು ಎಂದು ಹೇಳುತ್ತಿದ್ದೆ. ಅವರು ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದರು.

"ಇರಬಹುದು" ಎಂದೆ.

"ನಿಮ್ಗೂ ಅನ್ಸ್ತಾ?"

"ಅನ್ನಿಸ್ತು. ಡಾಕ್ಟರು ಬಹಳ ಬೇಗ ಮುಗಿಸಿಬಿಟ್ಟರು."

"ಅದೇ ನಾನೂ ನೋಡ್ದೆ!" ಎಂದು ನೆಟ್ಟಗೆ ಕೂತು, ಸರ ಕೊರಳಿಗೆ ಹಾಕಿಕೊಂಡರು. ಮುಖಕ್ಕೆ ರಕ್ತ ವಾಪಸು ಬಂದಿತ್ತು. "ಇನ್ನೊಂದು ಕಡೆ ತೋರ್ಸಾಣ. ದೂರದಾಗೆ, ಇವ್ರ ಪರಿಚಯ ಇಲ್ದಿರೋ ಕಡೆ. ಬರ್ತೀರಾ?"

"ಬರ್ತೀನಿ" ಎಂದೆ.

ಅವರು ಕರೆಯಲಿಲ್ಲ. ಗುಂಪಿಗೂ ಅವರ ದನಿ ಮರಳಲಿಲ್ಲ. ಶಬಾನಾ ಎರಡು ಸಲ ಕ್ಷಮೆ ಕೇಳಿ ಬರೆದಳು. ಮುಂದಿನ ವರ್ಷ ಅವರು ಹೃದಯಾಘಾತದಿಂದ ತೀರಿಕೊಂಡರೆಂದು ಅವಳೇ ನನಗೆ ತಿಳಿಸಿದಳು, ಅದೂ ತಡವಾಗಿ. ಹೋದೆ. ಮಗ ಕುರ್ಚಿ ಹಾಕಿ ಕೂರಿಸಿದ. ಅಮ್ಮನಿಗೆ ನನ್ನ ಪರಿಚಯ ಹೇಗೆ ಎಂದು ಕೇಳಿದ. ಆಸ್ಪತ್ರೆಯಲ್ಲಿ ಆದದ್ದು ಎಂದೆ.

"ಹರ್ನಿಯಾ ಆಪರೇಷನ್ ಟೈಮಲ್ಲಾ ಸರ್? ಅದಾದ್ಮೇಲೆ ಅಮ್ಮ ಸರಿಯಾಗ್ಲೇ ಇಲ್ಲ" ಎಂದು ಅವನು ಎದುರಿನ ಗೋಡೆ ನೋಡಿದ. "ಆ ಆಸ್ಪತ್ರೆಯೋರು ಏನೋ ಮಾಡಿದ್ದಾರೆ ಸರ್. ನಮ್ ಹತ್ರ ಮುಚ್ಚಿಟ್ಟಿದ್ದಾರೆ. ನಂಗೆ ಈಗ್ಲೂ ಅನುಮಾನ."

ಒಳಗಿನಿಂದ ಓರಗಿತ್ತಿ ಕಾಫಿ ತಂದುಕೊಟ್ಟರು. ನಾನು ತಲೆ ತಗ್ಗಿಸಿ, ಅಭ್ಯಾಸದಂತೆ ಗುಟುಕು ಗುಟುಕಾಗಿ ಕುಡಿದು ಮುಗಿಸಿ, ಎದ್ದು ಬಂದೆ.